ಆ ಕಾಗದದಲ್ಲಿ ಏನಿತ್ತು?

ನಮ್ಮ ಕಡೆಯ ಊರುಗಳಲ್ಲಿ ಕ್ಯಾನ್ಸರ್ ಎಂಬ ಶಬ್ದವನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. 'ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದಾರಂತೆ' ಎನ್ನುತ್ತಾರೆ. ಕೇಳಿದವರು 'ಕಿದ್ವಾಯಿಗಾ?' ಎಂದು ದನಿ ತಗ್ಗಿಸುತ್ತಾರೆ. ಹೌದೆಂದರೆ ಮಾತು ಅಲ್ಲಿಗೆ ಮುಗಿಯಿತು. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರದ ಮಂತ್ರಿಗಳೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಕನ್ನಡ ನಾಡಿನಲ್ಲಿ ಹೀಗೆ ಒಂದು ಕಾಯಿಲೆಯ ಮರುಹೆಸರಾಗಿ ಉಳಿಯುತ್ತದೆಂದು ಯಾರು ತಾನೇ ಎಣಿಸಿದ್ದರು? ಉರ್ದು ಮಾತಾಡುವ ಮನೆಗಳಲ್ಲಿ ಅಷ್ಟೂ ಇಲ್ಲ. 'ವೋ ಬೀಮಾರಿ' ಎಂದರೆ ಸಾಕು. ಆ ಕಾಯಿಲೆ. ಅದು ಹೆಂಗಸಿನ ಗರ್ಭಕೋಶಕ್ಕೆ ಬಂದರಂತೂ ಎರಡು ಮೌನಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಸಾವಿನ ಭಯದ್ದು ಒಂದು, ಲಜ್ಜೆಯದು ಇನ್ನೊಂದು.

ರೋಗಿಗೆ ನಿಜ ಹೇಳಬೇಕೇ ಬೇಡವೇ ಎಂಬುದು ಹಳೆಯ ಪ್ರಶ್ನೆ. ಅದಕ್ಕೆ ಎಲ್ಲ ಕಾಲಕ್ಕೂ ಎಲ್ಲ ಕಾಯಿಲೆಗೂ ಒಂದೇ ಉತ್ತರವಿದೆ ಎಂದು ನಂಬಿದವರು ನಾವಲ್ಲ. ಆದರೆ ಅಪರೂಪದ ಒಂದು ಕ್ಯಾನ್ಸರ್ ಇದೆ. ಅದಕ್ಕೆ ಹೇಗೆ ಚಿಕಿತ್ಸೆ ಮಾಡುತ್ತಾರೆಂದು ತಿಳಿದುಕೊಂಡ ಮೇಲೆ ಈ ಪ್ರಶ್ನೆ ನಮ್ಮೊಳಗೆ ಬೇರೆಯೇ ರೂಪ ಪಡೆಯಿತು. ತಿಳಿದುಕೊಂಡದ್ದು ತಡವಾಗಿ. ತಿಳಿಯುವ ಮುನ್ನ ಮಾಡಿದ್ದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ನಮ್ಮ ಓಣಿಯಲ್ಲಿ ಇಪ್ಪತ್ತಮೂರು ವರ್ಷದ ಸೊಸೆಯೊಬ್ಬಳಿದ್ದಳು. ನಾಲ್ಕು ವರ್ಷದ ಮಗಳ ತಾಯಿ. ಎರಡನೆಯ ಬಸಿರಿನ ಮೂರನೆಯ ತಿಂಗಳಲ್ಲಿ ರಕ್ತ ಹೋಗತೊಡಗಿತು. ವಾಂತಿ ವಿಪರೀತ. ಹೊಟ್ಟೆ ತಿಂಗಳಿಗೆ ಮೀರಿ ಬೆಳೆದಿತ್ತು. ಅವಳಿ ಇರಬೇಕು ಎಂದು ಓಣಿಯ ಹೆಂಗಸರು ತಮಾಷೆ ಮಾಡುತ್ತಿದ್ದರು. ಸ್ಕ್ಯಾನಿಂಗ್ ಮಾಡಿ ನೋಡಿದರೆ ಮಗುವೇ ಇರಲಿಲ್ಲ. ಗರ್ಭಕೋಶದ ತುಂಬ ದ್ರಾಕ್ಷಿ ಗೊಂಚಲಿನಂಥ ನೀರುಗುಳ್ಳೆಗಳು. ವೈದ್ಯರು 'ಮೋಲಾರ್ ಪ್ರೆಗ್ನೆನ್ಸಿ' ಎಂದರು, ಎಲ್ಲವನ್ನೂ ತೆಗೆದು ಸ್ವಚ್ಛ ಮಾಡಿದರು. ಆಮೇಲೆ ವಾರವಾರವೂ ರಕ್ತ ಪರೀಕ್ಷೆ. ಎಚ್‌ಸಿಜಿ ಎಂಬ ಹಾರ್ಮೋನು ಇಳಿಯುತ್ತಾ ಬರಬೇಕಿತ್ತು. ಕೆಲವು ವಾರ ಇಳಿಯಿತು, ಆಮೇಲೆ ನಿಂತಿತು, ಮತ್ತೆ ಏರತೊಡಗಿತು. ದೊಡ್ಡ ಊರಿನ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ಕೊಟ್ಟ ಕಾಗದವನ್ನು ಅವಳ ಗಂಡ ಮತ್ತು ಅತ್ತೆ ನಮ್ಮ ಮನೆಗೆ ತಂದರು. ಓಣಿಯಲ್ಲಿ ಇಂಗ್ಲಿಷ್ ಓದಬಲ್ಲ ಹೆಂಗಸೆಂದು ನಮಗೊಂದು ಹೆಸರಿತ್ತು. ಉರ್ದು ಶಾಲೆಯಲ್ಲಿ ಕಲಿತು ಆಮೇಲೆ ಕನ್ನಡ ಶಾಲೆಗೆ ಹೋದವರ ಇಂಗ್ಲಿಷ್ ಎಷ್ಟಿರುತ್ತದೋ ಅಷ್ಟು. ನಿಘಂಟು ಹಿಡಿದು ಕೂತೆವು. 'ಗೆಸ್ಟೇಷನಲ್ ಟ್ರೋಫೋಬ್ಲಾಸ್ಟಿಕ್ ನಿಯೋಪ್ಲೇಸಿಯಾ' ಎಂದಿತ್ತು. ಮೂರನೆಯ ಶಬ್ದದ ಅರ್ಥ ಸಿಕ್ಕ ಕೂಡಲೇ ನಿಘಂಟು ಮುಚ್ಚಿದೆವು. ಸೊಸೆ ಹೊರಗೆ ಜಗಲಿಯ ಮೇಲೆ ಮಗಳಿಗೆ ಜಡೆ ಹಾಕುತ್ತಿದ್ದಳು. ನಾವು ಖಾಲಾ ಎಂದು ಕರೆಯುವ ಅವಳ ಅತ್ತೆ ನಮ್ಮ ಕೈ ಹಿಡಿದು, 'ಅವಳಿಗೆ ಮಾತ್ರ ಹೇಳಬೇಡ ಬೇಟಿ, ಎದೆ ಒಡೆದುಕೊಂಡು ಸಾಯುತ್ತಾಳೆ' ಎಂದರು. ಆಗಲಿ ಎಂದೆವು. ಸ್ವಲ್ಪ ಹೊತ್ತಿಗೆ ಅವಳೇ ಒಳಗೆ ಬಂದು 'ಆಪಾ, ಆ ಕಾಗದದಲ್ಲಿ ಏನಿದೆ?' ಎಂದು ಕೇಳಿದಳು. 'ಖೂನ್ ಸಾಫ್ ಆಗೋ ಇಂಜೆಕ್ಷನ್ನು ಕೊಡುತ್ತಾರಂತೆ, ಹೆದರಬೇಡ' ಎಂದೆವು. ಇಲ್ಲಿ 'ನಾವು' ಎಂದರೆ ಊರಲ್ಲ, ಸಮಾಜವೂ ಅಲ್ಲ. ಈ ಲೇಖನ ಬರೆಯುತ್ತಿರುವ ಕೈ. ಕತೆ ಬರೆಯುವವರಿಗೆ ಸುಳ್ಳು ಬಹಳ ಸರಾಗವಾಗಿ ಬರುತ್ತದೆ. ಅವಳು ನಂಬಿದಳು.

ಈ ಕಾಯಿಲೆಯ ಬಗ್ಗೆ ಒಂದಿಷ್ಟು ಹೇಳದೆ ಮುಂದೆ ಹೋಗುವಂತಿಲ್ಲ. ತಾಯಿಯನ್ನೂ ಮಗುವನ್ನೂ ಕೂಡಿಸುವ ಮಾಸು ಇದೆಯಲ್ಲ, ಹೆರಿಗೆಯ ನಂತರ 'ಕಸ ಬಿತ್ತೇ' ಎಂದು ಸೂಲಗಿತ್ತಿಯರು ಕೇಳುತ್ತಿದ್ದ ಅದು, ಅದರ ಜೀವಕೋಶಗಳಿಗೆ ಒಂದು ವಿಚಿತ್ರ ಶಕ್ತಿಯಿದೆ. ತಾಯಿಯ ಗರ್ಭಕೋಶದ ಗೋಡೆಯೊಳಕ್ಕೆ ಬೇರಿಳಿಸಿ ಅವಳ ರಕ್ತನಾಳಗಳವರೆಗೆ ಅವು ಹೋಗಬಲ್ಲವು. ಹೋಗದಿದ್ದರೆ ಮಗು ಬದುಕುವುದಿಲ್ಲ. ಎಲ್ಲಿ ನಿಲ್ಲಬೇಕೆಂಬುದೂ ಅವಕ್ಕೆ ಗೊತ್ತಿರುತ್ತದೆ. ಅಪರೂಪಕ್ಕೊಮ್ಮೆ ಆ ನಿಲ್ಲುವ ಅರಿವೇ ತಪ್ಪಿಹೋಗುತ್ತದೆ. ಹಾಗೆ ಹುಟ್ಟುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಉಗ್ರವಾದದ್ದು ಕೋರಿಯೋಕಾರ್ಸಿನೋಮಾ. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಸುಮಾರು 40 ಸಾವಿರ ಬಸಿರಿಗೆ ಒಂದು ಎನ್ನುವಷ್ಟು ಅಪರೂಪ. ಏಷ್ಯಾದ ಕೆಲವು ಕಡೆ ಅದಕ್ಕಿಂತ ಹೆಚ್ಚೆಂದು ವರದಿಗಳಿವೆ. ಸರಿಯಾದ ಹೆರಿಗೆಯ ನಂತರವೂ ಬರಬಹುದು, ಬಸಿರು ಇಳಿದ ಮೇಲೂ ಬರಬಹುದು. ದ್ರಾಕ್ಷಿ ಗೊಂಚಲಿನಂಥ ಬಸಿರು ಪೂರ್ತಿ ರೂಪದ್ದಾಗಿದ್ದರೆ, ಅಂಥ ನೂರು ಹೆಂಗಸರಲ್ಲಿ 15ರಿಂದ 20 ಮಂದಿಗೆ ಅದನ್ನು ತೆಗೆದ ಮೇಲೂ ಔಷಧಿ ಬೇಕಾಗುತ್ತದೆ. ಈ ಕ್ಯಾನ್ಸರ್ ರಕ್ತದ ದಾರಿ ಹಿಡಿದು ಮೊದಲು ಹೋಗುವುದು ಪುಪ್ಪುಸಕ್ಕೆ.

ಓಣಿಯಲ್ಲಿ ಇದಕ್ಕೆ ಕಾರಣಗಳು ಬೇಕಾದಷ್ಟು ಸಿಕ್ಕವು. ಗ್ರಹಣದ ದಿನ ಹೊರಗೆ ಹೋಗಿದ್ದಳು, ಮಗ್ರಿಬ್ ಹೊತ್ತಿನಲ್ಲಿ ಹುಣಸೆ ಮರದ ಕೆಳಗೆ ನಡೆದಿದ್ದಳು, ನಜರ್ ಆಗಿದೆ, ತವರಿನ ಕಡೆಯಿಂದಲೇ ಏನೋ ಬಂದಿದೆ. ಜಪಾನಿನ ಕಾಜಿ ಮತ್ತು ಒಹಾಮಾ ಎಂಬ ವಿಜ್ಞಾನಿಗಳು 1977ರಲ್ಲೇ ತೋರಿಸಿಕೊಟ್ಟ ಸಂಗತಿ ಬೇರೆ. ಪೂರ್ತಿ ರೂಪದ ಇಂಥ ಬಸಿರಿನಲ್ಲಿ ಸಾಮಾನ್ಯವಾಗಿ ವರ್ಣತಂತುಗಳೆಲ್ಲ ಬರುವುದು ತಂದೆಯ ಕಡೆಯಿಂದ. ತಾಯಿಯ ಅಂಡದ ತಿರುಳು ಹೇಗೋ ಕಳೆದುಹೋಗಿರುತ್ತದೆ. ವೀರ್ಯಾಣುವಿನದೇ ಎರಡರಷ್ಟಾಗಿ ಬೆಳೆಯುತ್ತದೆ. ಹಾಗೆಂದು ಈಗ ಗಂಡನನ್ನು ಕಟಕಟೆಗೆ ನಿಲ್ಲಿಸಬೇಕಾಗಿಲ್ಲ. ಯಾರ ತಪ್ಪೂ ಅಲ್ಲದ್ದು ಲೋಕದಲ್ಲಿ ಎಷ್ಟೋ ನಡೆಯುತ್ತದೆ. ಆದರೆ ನಮ್ಮಲ್ಲಿ ಯಾರ ತಪ್ಪೂ ಅಲ್ಲದ್ದು ಸೊಸೆಯ ತಪ್ಪಾಗುವ ರೂಢಿ ಇರುವುದರಿಂದ ಇದನ್ನು ಹೇಳಬೇಕಾಯಿತು.

1956ಕ್ಕೆ ಮುಂಚೆ ಈ ಕಾಯಿಲೆಗೆ ಇದ್ದ ಉಪಾಯ ಗರ್ಭಕೋಶ ತೆಗೆಯುವುದು. ಕಾಯಿಲೆ ಅದನ್ನು ದಾಟಿರದಿದ್ದರೆ ಕೆಲವರು ಉಳಿಯುತ್ತಿದ್ದರು. ಪುಪ್ಪುಸಕ್ಕೆ ಹೋಗಿದ್ದರೆ ಹೆಚ್ಚುಕಡಿಮೆ ಎಲ್ಲರೂ ಸಾಯುತ್ತಿದ್ದರು, ಅದೂ ತಿಂಗಳುಗಳಲ್ಲಿ. ಇದನ್ನು ಬದಲಿಸಿದ ಔಷಧಿಯ ಚರಿತ್ರೆ ಮುಂಬೈಯ ಬಡ ಹೆಂಗಸರಿಂದ ಶುರುವಾಗುತ್ತದೆ ಎಂದರೆ ಹಲವರಿಗೆ ಆಶ್ಚರ್ಯವಾದೀತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಸುರಿಯರನ್ನು ಕೊಲ್ಲುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಕಾರಣ ಹುಡುಕುವುದು ಅವರ ಕೆಲಸ. ಬೇರೆ ಬೇರೆ ವರ್ಗದ, ಮತದ ಹೆಂಗಸರು ದಿನವೂ ಏನು ಉಣ್ಣುತ್ತಾರೆಂದು ವಿಚಾರಿಸಿದರು. ಎಲ್ಲರಿಗಿಂತ ಸತ್ವಹೀನ ಊಟವೂ ಎಲ್ಲರಿಗಿಂತ ಹೆಚ್ಚಿನ ರಕ್ತಹೀನತೆಯೂ ಕಂಡದ್ದು ಬಡ ಮುಸ್ಲಿಂ ಹೆಂಗಸರಲ್ಲಿ. ಯೀಸ್ಟಿನಿಂದ ಮಾಡುವ ಮಾರ್ಮೈಟ್ ಎಂಬ ಅಗ್ಗದ ತಿನಿಸು ಆ ಕಾಯಿಲೆಯನ್ನು ಗುಣಪಡಿಸುತ್ತದೆಂದು 1931ರಲ್ಲಿ ಅವರು ಪ್ರಕಟಿಸಿದರು. ಅದರೊಳಗಿದ್ದ ಅಂಶಕ್ಕೆ ಮುಂದೆ ಫೋಲಿಕ್ ಆಮ್ಲ ಎಂದು ಹೆಸರಾಯಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಸೇರಿರುವುದು ಅದೇ.

ಆಮೇಲಿನ ಕತೆ ಒಬ್ಬ ತೆಲುಗರದು. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿದ್ದಾಗ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಅದರ ಹಾಗೆಯೇ ಕಾಣುವ, ಆದರೆ ಅದರ ಕೆಲಸಕ್ಕೆ ಅಡ್ಡಗಾಲು ಹಾಕುವ ವಸ್ತುಗಳನ್ನೂ ತಯಾರಿಸಿತು. ಅವುಗಳಲ್ಲೊಂದು ಮೆಥೋಟ್ರೆಕ್ಸೇಟ್. ಬಿಡುವಿಲ್ಲದೆ ಬೆಳೆಯುವ ಜೀವಕೋಶ ಇದನ್ನು ಆಹಾರವೆಂದೇ ನಂಬಿ ಒಳಗೆ ಬಿಟ್ಟುಕೊಂಡು ಹಸಿದು ಸಾಯುತ್ತದೆ. ಬಸುರಿಯರನ್ನು ಉಳಿಸಲು ಹುಡುಕಿದ ಅನ್ನದ ಎದುರು ರೂಪವೇ ಬಸಿರಿನಿಂದ ಹುಟ್ಟಿದ ಕ್ಯಾನ್ಸರಿಗೆ ಔಷಧಿಯಾಯಿತು. ಸುಬ್ಬರಾವ್ ಇದನ್ನು ನೋಡಲಿಲ್ಲ, 1948ರಲ್ಲೇ ತೀರಿಕೊಂಡಿದ್ದರು.

ನೋಡಿದವರು ಇಬ್ಬರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿದ್ದ ರಾಯ್ ಹರ್ಟ್ಸ್, ಮತ್ತು ಚೀನಾದಲ್ಲಿ ಹುಟ್ಟಿ ಅಲ್ಲಿಗೆ ಬಂದಿದ್ದ ಮಿನ್ ಚಿಯು ಲಿ. ಪುಪ್ಪುಸಕ್ಕೆ ಹಬ್ಬಿದ ಕೋರಿಯೋಕಾರ್ಸಿನೋಮಾದಿಂದ ಸಾಯುತ್ತಿದ್ದ ಹೆಂಗಸರಿಗೆ ಅವರು ಮೆಥೋಟ್ರೆಕ್ಸೇಟ್ ಕೊಟ್ಟರು. ಗಡ್ಡೆಗಳು ಕರಗಿದವು, ಎಕ್ಸ್‌ರೇ ತಿಳಿಯಾಯಿತು. 1956ರಲ್ಲಿ ವರದಿ ಪ್ರಕಟವಾಯಿತು. ಔಷಧಿಯಿಂದಲೇ ಹಬ್ಬಿದ ಕ್ಯಾನ್ಸರ್ ಗುಣವಾಗಬಲ್ಲದು ಎಂಬುದಕ್ಕೆ ಜಗತ್ತಿಗೆ ಸಿಕ್ಕ ಮೊದಲ ಪುರಾವೆಗಳಲ್ಲಿ ಅದೊಂದು. ಆದರೆ ಲಿ ಅವರಿಗೆ ಸಮಾಧಾನವಾಗಲಿಲ್ಲ. ಹೆಂಗಸು ಎದ್ದು ಓಡಾಡುತ್ತಿದ್ದಾಳೆ, ಎಕ್ಸ್‌ರೇಯಲ್ಲಿ ಏನೂ ಇಲ್ಲ, ಆದರೂ ಎಚ್‌ಸಿಜಿ ಇನ್ನೂ ಸ್ವಲ್ಪ ಉಳಿದಿದೆ. ಅಂದರೆ ಎಲ್ಲೋ ಕಣ್ಣಿಗೆ ಕಾಣದಷ್ಟು ಕಾಯಿಲೆ ಉಳಿದಿದೆ ಎಂದು ಅವರ ತರ್ಕ. ಆ ಸಂಖ್ಯೆ ಇಲ್ಲವಾಗುವವರೆಗೆ ಔಷಧಿ ಕೊಡುತ್ತಲೇ ಹೋದರು.

ಮೇಲಿನವರಿಗೆ ಇದು ಸರಿ ಕಾಣಲಿಲ್ಲ. ಮೆಥೋಟ್ರೆಕ್ಸೇಟ್ ಎಂದರೆ ವಿಷ. ಬಾಯಿಯೆಲ್ಲ ಹುಣ್ಣಾಗುತ್ತದೆ, ರಕ್ತ ಹುಟ್ಟುವ ಮಜ್ಜೆ ಸೊರಗುತ್ತದೆ. ಗುಣವಾದ ಹೆಂಗಸಿಗೆ ಕಾಗದದ ಮೇಲಿನ ಒಂದು ಅಂಕಿ ನೋಡಿಕೊಂಡು ವಿಷ ಕೊಡುವುದು ಮನುಷ್ಯರ ಮೇಲೆ ಪ್ರಯೋಗ ಮಾಡಿದಂತೆ ಎಂಬ ಆಕ್ಷೇಪಣೆ ಬಂತು. 1957ರಲ್ಲಿ ಲಿ ಆ ಸಂಸ್ಥೆಯನ್ನು ಬಿಡಬೇಕಾಯಿತು. ವರ್ಷಗಳು ಹೋದ ಹಾಗೆ ಲೆಕ್ಕ ಸಿಕ್ಕಿತು. ಎಕ್ಸ್‌ರೇ ತಿಳಿಯಾದ ಕೂಡಲೇ ಔಷಧಿ ನಿಲ್ಲಿಸಿದವರಲ್ಲಿ ಕಾಯಿಲೆ ಮರಳಿತು, ಅಂಕಿ ಇಲ್ಲವಾಗುವವರೆಗೆ ಔಷಧಿ ಪಡೆದವರು ಬದುಕಿದರು. 1972ರಲ್ಲಿ ಲಿ ಮತ್ತು ಹರ್ಟ್ಸ್ ಇಬ್ಬರಿಗೂ ಲ್ಯಾಸ್ಕರ್ ಪ್ರಶಸ್ತಿ ಬಂತು.

ಈ ಕತೆಯನ್ನು ಓದಿದವರು ಲಿ ಅವರನ್ನು ವೀರನನ್ನಾಗಿಯೂ ಮೇಲಿನವರನ್ನು ಮೂರ್ಖರನ್ನಾಗಿಯೂ ಮಾಡಿಬಿಡುತ್ತಾರೆ. ನಮಗೆ ಅಷ್ಟು ಸುಲಭವಾಗಿ ಹಾಗನ್ನಿಸುವುದಿಲ್ಲ. ಎದ್ದು ನಡೆಯುತ್ತಿರುವ ಮನುಷ್ಯರಿಗೆ ನೋವು ಕೊಡಲು ಹಿಂಜರಿಯುವುದು ಕೆಟ್ಟ ಗುಣವಲ್ಲ. ಹಿಂಜರಿಯದವರು ಏನು ಮಾಡಿದರೆಂಬುದಕ್ಕೂ ಚರಿತ್ರೆಯಿದೆ. 1980 ಮತ್ತು 90ರ ದಶಕಗಳಲ್ಲಿ ಸ್ತನ ಕ್ಯಾನ್ಸರಿನ ಸಾವಿರಾರು ಹೆಂಗಸರಿಗೆ ಮೈ ತಾಳಲಾರದಷ್ಟು ಔಷಧಿ ಕೊಟ್ಟು, ಅವರದೇ ಮಜ್ಜೆಯ ಜೀವಕೋಶಗಳನ್ನು ಮರಳಿ ಹಾಕುವ ಚಿಕಿತ್ಸೆ ನಡೆಯಿತು. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ. 1999ರ ಹೊತ್ತಿಗೆ ಸರಿಯಾದ ಪರೀಕ್ಷೆಗಳ ಫಲಿತಾಂಶ ಬಂದಾಗ, ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚಿನ ಆಯುಷ್ಯವೇನೂ ಅದರಿಂದ ಸಿಕ್ಕಿರಲಿಲ್ಲ. ಲಾಭವಿದೆಯೆಂದು ತೋರಿಸಿದ್ದ ದಕ್ಷಿಣ ಆಫ್ರಿಕಾದ ಅಧ್ಯಯನ ಸುಳ್ಳಿನದೆಂದು 2000ರಲ್ಲಿ ಬಯಲಾಯಿತು. ಅಲ್ಲಿಯೂ ವೈದ್ಯರಿಗೆ ಧೈರ್ಯವಿತ್ತು, ನಂಬಿಕೆಯಿತ್ತು. ಇಲ್ಲದ್ದು ಅಳತೆ. ಲಿ ಅವರ ಕೈಯಲ್ಲಿ ಅಳತೆಯಿತ್ತು. ಈ ಒಂದು ಕ್ಯಾನ್ಸರಿನಲ್ಲಿ ಎಚ್‌ಸಿಜಿ ಹೇಳುವಷ್ಟು ನಿಖರವಾದ ಸಾಕ್ಷಿ ಬಹುಪಾಲು ಬೇರೆ ಕ್ಯಾನ್ಸರುಗಳಲ್ಲಿ ಇಲ್ಲವೇ ಇಲ್ಲ. ಇನ್ನೊಬ್ಬರ ಮೈಗೆ ನೋವು ಕೊಡುವ ಹಕ್ಕು ಬರುವುದಾದರೆ ಧೈರ್ಯದಿಂದ ಬರುವುದಿಲ್ಲ, ತಿಳಿವಿನಿಂದ ಬರುತ್ತದೆ ಎಂದಷ್ಟೇ ಇದರಿಂದ ನಮಗೆ ಹೊಳೆದದ್ದು.

ಆದರೆ ಯಾರ ತಿಳಿವು? ನಾವು ಓದಿದ ಆ ಜಗಳದ ವಿವರಗಳಲ್ಲಿ ವೈದ್ಯರು ವೈದ್ಯರೊಂದಿಗೆ ವಾದಿಸುತ್ತಾರೆ. ಬಾಯಿ ತುಂಬ ಹುಣ್ಣಾಗಿದ್ದ ಹೆಂಗಸು ಏನೆಂದಳು ಎಂಬುದು ಕೇಳಿಸುವುದೇ ಇಲ್ಲ. ಅದು ಆ ಕಾಲದ ರೀತಿಯೂ ಹೌದು. 1961ರಲ್ಲಿ ಚಿಕಾಗೋದ ಒಂದು ಆಸ್ಪತ್ರೆಯ ವೈದ್ಯರನ್ನು ವಿಚಾರಿಸಿದಾಗ ನೂರಕ್ಕೆ 90ರಷ್ಟು ಮಂದಿ, ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳದಿರುವುದೇ ತಮ್ಮ ಪದ್ಧತಿ ಎಂದಿದ್ದರು. 1979ರಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಅಮೆರಿಕದ ವೈದ್ಯರಿಗೆ ಕೇಳಿದಾಗ ನೂರಕ್ಕೆ 97ರಷ್ಟು ಮಂದಿ ಹೇಳುತ್ತೇವೆ ಎಂದರು. ಹದಿನೆಂಟು ವರ್ಷಗಳಲ್ಲಿ ಅಲ್ಲಿಯ ವೈದ್ಯರೆಲ್ಲ ಸತ್ಯವಂತರಾಗಿಬಿಟ್ಟರೆಂದು ನಾವು ನಂಬುವುದಿಲ್ಲ. ರೋಗಿಗಳ ಹಕ್ಕಿನ ಮಾತು ಆಗ ಜೋರಾಗಿತ್ತು, ಕಾನೂನಿನ ಭಯವೂ ಇದ್ದೀತು. ಆದರೆ ಇನ್ನೊಂದು ಕಾರಣ ನಮಗೆ ಮುಖ್ಯವಾಗಿ ಕಾಣುತ್ತದೆ. ನಡುವೆ ಔಷಧಿಗಳು ಬಂದಿದ್ದವು.

ಖಾಲಾ ಅವರ ಮಾತನ್ನು ಇಲ್ಲಿ ನೆನೆಯಬೇಕು. ಅವರೇನೂ ಕಲ್ಲು ಹೃದಯದ ಅತ್ತೆಯಲ್ಲ. ಅವರ ಸ್ವಂತ ಅಕ್ಕನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿತ್ತು. ಕಾಯಿಲೆ ಕೈಮೀರಿದ ಮೇಲೆ ವೈದ್ಯರೊಬ್ಬರು ಮುಖದ ಮೇಲೆ ಹೇಳಿಬಿಟ್ಟರಂತೆ. ಆಕೆ ಅಂದಿನಿಂದ ಗೋಡೆಯ ಕಡೆ ತಿರುಗಿ ಮಲಗಿದವರು ಮತ್ತೆ ಈ ಕಡೆ ತಿರುಗಲಿಲ್ಲ, ಗಂಜಿಯನ್ನೂ ಮುಟ್ಟಲಿಲ್ಲ. ಹಾಗೆ ನೋಡಿದವರು ಸೊಸೆಗೆ ಹೇಳಬೇಡ ಎಂದದ್ದು ದಯೆಯಿಂದಲೇ. ಮಾಡಲು ಏನೂ ಇಲ್ಲದಿದ್ದ ಕಾಲದಲ್ಲಿ ಹೇಳದಿರುವುದರಿಂದ ಹೋಗುವುದೂ ಹೆಚ್ಚೇನಿರಲಿಲ್ಲ. ಕೊನೆಯ ಕೆಲವು ದಿನಗಳ ನೆಮ್ಮದಿಯಾದರೂ ಉಳಿಯಲಿ ಎಂದು ಹಿರಿಯರು ಬಾಯಿ ಕಟ್ಟಿಕೊಂಡರು. ನಮ್ಮ ಮೌನ ಹುಟ್ಟಿದ್ದು ಔಷಧಿ ಇಲ್ಲದ ಕಾಯಿಲೆಯ ಮನೆಯಲ್ಲಿ. ಔಷಧಿ ಬಂದ ಮೇಲೂ ನಾವು ಅದನ್ನೇ ಹೊತ್ತುಕೊಂಡು ತಿರುಗುತ್ತಿದ್ದೇವೆ. ಅದೂ ಎಂಥ ಔಷಧಿ? ರೋಗಿ ತನ್ನ ಕಾಲ ಮೇಲೆ ನಡೆದು ಹೋಗಿ, ಏನೂ ಇಲ್ಲ ಅನ್ನಿಸುತ್ತಿರುವಾಗಲೂ ಬೇಡಿ ತೆಗೆದುಕೊಳ್ಳಬೇಕಾದದ್ದು.

ಈಗಿನ ಕ್ರಮ ನೋಡಿ. ವಯಸ್ಸು, ಯಾವ ಬಸಿರಿನ ನಂತರ ಬಂತು, ಎಷ್ಟು ತಿಂಗಳಾಯಿತು, ಎಚ್‌ಸಿಜಿ ಎಷ್ಟಿದೆ, ಎಲ್ಲೆಲ್ಲಿಗೆ ಹಬ್ಬಿದೆ ಎಂದೆಲ್ಲ ಲೆಕ್ಕ ಹಾಕಿ ಅಂಕ ಕೊಡುತ್ತಾರೆ. 6ರವರೆಗೆ ಬಂದರೆ ಅಪಾಯ ಕಡಿಮೆ, ಒಂದೇ ಔಷಧಿ ಸಾಕು. 7 ಅಥವಾ ಮೇಲಾದರೆ ಹಲವು ಔಷಧಿಗಳನ್ನು ಕೂಡಿಸಿ ಕೊಡುತ್ತಾರೆ. ಮೊದಲ ಗುಂಪಿನವರು ಸರಿಯಾಗಿ ಚಿಕಿತ್ಸೆ ಪಡೆದರೆ ಹೆಚ್ಚುಕಡಿಮೆ ಎಲ್ಲರೂ ಗುಣವಾಗುತ್ತಾರೆ. ಎರಡನೆಯವರಲ್ಲೂ ಪಳಗಿದ ಕೇಂದ್ರಗಳಲ್ಲಿ ನೂರಕ್ಕೆ 90 ಮೀರಿ. ಗರ್ಭಕೋಶ ಉಳಿಯುತ್ತದೆ, ಬಹಳ ಮಂದಿ ಮುಂದೆ ಮಕ್ಕಳನ್ನೂ ಹೆರುತ್ತಾರೆ. ಔಷಧಿಗೆ ಬಗ್ಗದೆ ಉಳಿಯುವ ಕೆಲವೇ ಕೆಲವರಿಗೆ 2017ರ ಈಚೆಗೆ ಮೈಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಹೊಸ ಔಷಧಿಗಳೂ ಫಲ ಕೊಟ್ಟಿವೆ, ಬೆಲೆ ಮಾತ್ರ ಬಡವರ ಕೈಗೆಟುಕದ್ದು. ಮೆಥೋಟ್ರೆಕ್ಸೇಟ್ ಹಾಗಲ್ಲ, ಹಳೆಯದು, ಅಗ್ಗದ್ದು. ಒಂದು ದಿನ ಚುಚ್ಚುಮದ್ದು, ಮರುದಿನ ಅದರ ವಿಷ ಇಳಿಸುವ ಮಾತ್ರೆ, ಹೀಗೆ ಎಂಟು ದಿನ, ಆಮೇಲೆ ಆರು ದಿನ ಬಿಡುವು, ಮತ್ತೆ ಮೊದಲಿನಿಂದ.

ಇದರಲ್ಲಿ ನಮ್ಮ ಪ್ರಶ್ನೆಗೆ ಸಂಬಂಧಿಸಿದ ಗಂಟು ಕೊನೆಯಲ್ಲಿದೆ. ಎಚ್‌ಸಿಜಿ ಮಾಮೂಲಿಗೆ ಬಂದ ಮೇಲೂ ಔಷಧಿ ನಿಲ್ಲಿಸುವಂತಿಲ್ಲ. ಯಾವ ಪರೀಕ್ಷೆಗೂ ಸಿಗದ ಸಾವಿರಾರು ಜೀವಕೋಶಗಳು ಇನ್ನೂ ಉಳಿದಿರಬಹುದು. ಲಿ ಅಂಕಿ ಇಲ್ಲವಾಗುವವರೆಗೆ ಎಂದಿದ್ದರು. ಈಗಿನವರು ಅದಕ್ಕೂ ಒಂದು ಹೆಜ್ಜೆ ಮುಂದೆ. ನೆದರ್‌ಲ್ಯಾಂಡ್ಸಿನಲ್ಲಿ ಅಂಕಿ ಮಾಮೂಲಾದ ನಂತರ ಎರಡು ಸುತ್ತು ಕೊಡುತ್ತಿದ್ದರು, ಬ್ರಿಟನ್ನಿನಲ್ಲಿ ಮೂರು ಸುತ್ತು. 2012ರಲ್ಲಿ ಹೋಲಿಸಿ ನೋಡಿದಾಗ, ಎರಡು ಸುತ್ತಿನವರಲ್ಲಿ ನೂರಕ್ಕೆ 8.3 ಮಂದಿಗೆ ಕಾಯಿಲೆ ಮರಳಿತ್ತು, ಮೂರು ಸುತ್ತಿನವರಲ್ಲಿ 4. ಕಾಣದ, ಅಳೆಯಲೂ ಆಗದ ಕಾಯಿಲೆಗೆ ಕೊಟ್ಟ ಒಂದೇ ಒಂದು ಸುತ್ತಿನ ಬೆಲೆ ಅಷ್ಟು. ಮುಗಿದ ಮೇಲೆಯೂ ತಿಂಗಳು ತಿಂಗಳು ಪರೀಕ್ಷೆ. ಒಂದು ವರ್ಷ ಬಸಿರು ನಿಲ್ಲದಂತೆ ನೋಡಿಕೊಳ್ಳಬೇಕು. ಬಸಿರಾದರೂ ಏರುವುದು ಅದೇ ಎಚ್‌ಸಿಜಿ, ಮಗುವೋ ಕ್ಯಾನ್ಸರೋ ಎಂದು ಗೊತ್ತಾಗದೆ ಹೋಗುತ್ತದೆ. ಬ್ರಿಟನ್ನಿನಲ್ಲಿ 1973ರಿಂದ ಇಂಥ ಹೆಂಗಸರ ಹೆಸರನ್ನೆಲ್ಲ ನೋಂದಾಯಿಸಿಕೊಂಡು, ಅಂಚೆಯಲ್ಲಿ ಸೀಸೆ ಕಳಿಸಿ, ಅವರು ಮರಳಿ ಕಳಿಸುವ ಮೂತ್ರವನ್ನೋ ರಕ್ತವನ್ನೋ ಕೆಲವೇ ಕೇಂದ್ರಗಳಲ್ಲಿ ಪರೀಕ್ಷಿಸುತ್ತಾ ಬಂದಿದ್ದಾರೆ. ಏಕೆಂದು ತಿಳಿಯದ ಹೆಂಗಸು ತಿಂಗಳುಗಟ್ಟಲೆ ಅಂಚೆಗೆ ಸೀಸೆ ಹಾಕುತ್ತಾಳೆಯೇ?

ನಮ್ಮ ಓಣಿಯ ಹುಡುಗಿಗೆ ನಾಲ್ಕು ಸುತ್ತು ಆಗುವ ಹೊತ್ತಿಗೆ ಅಂಕಿ ಮಾಮೂಲಿಗೆ ಬಂತು. ಇನ್ನು ಮೂರು ಸುತ್ತು ಎಂದು ವೈದ್ಯರು ಹೇಳಿದ್ದು ಗಂಡನಿಗೆ. ಅವಳು ಬಾಗಿಲ ಆಚೆ ಬೆಂಚಿನ ಮೇಲೆ ಕೂತಿದ್ದಳು. ಒಂದು ಸುತ್ತು ಹೋಗಿಬಂದಳು. ಬಾಯಿ ಹುಣ್ಣು, ಖಾರ ಮುಟ್ಟಿದರೆ ಕಣ್ಣಲ್ಲಿ ನೀರು. ರಂಜಾನ್ ಬಂತು, ಅದರ ಹಿಂದೆಯೇ ನಾದಿನಿಯ ಮದುವೆ. ಔಷಧಿಗಿಂತ ಬಸ್ಸಿಗೂ ಕಳೆದುಹೋದ ಕೂಲಿಗೂ ಹೆಚ್ಚು ಖರ್ಚಾಗುತ್ತದೆ ಎಂದು ಗಂಡ ಲೆಕ್ಕ ಹೇಳಿದ. 'ಖೂನ್ ಸಾಫ್ ಆಯಿತಲ್ಲ ಆಪಾ, ಡಾಕ್ಟರೇ ನಾರ್ಮಲ್ ಅಂದರಂತೆ. ಇನ್ನೆಷ್ಟು ಸಾಫ್ ಮಾಡಿಸುವುದು?' ಎಂದು ಅವಳೇ ನಮ್ಮ ಬಳಿ ನಕ್ಕಳು. ನಮ್ಮದೇ ಸುಳ್ಳು ಅವಳ ಬಾಯಲ್ಲಿ ತರ್ಕವಾಗಿ ಬಂದಿತ್ತು. ಅದಕ್ಕೆ ಎದುರಾಡಬೇಕಾದರೆ ಮೊದಲ ಮಾತನ್ನೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳಲಿಲ್ಲ. 'ಹೋಗಿ ಬಾ, ಮುಗಿಸಿಬಿಡು' ಎಂದೇನೋ ಅಂದೆವು. ಗರ್ಭ ನಿಲ್ಲದಿರಲು ಕೊಟ್ಟಿದ್ದ ಗುಳಿಗೆಗಳನ್ನು ಅವಳಿಗೆ ತಾಕತ್ತಿನ ಗುಳಿಗೆ ಎಂದು ಕೊಡುತ್ತಿದ್ದರು. ತಾಕತ್ತು ಬಂತೆಂದು ಅವನ್ನೂ ಬಿಟ್ಟಳು.

ನಾಲ್ಕು ತಿಂಗಳ ನಂತರ ಖಾಲಾ ನಮ್ಮ ಮನೆಗೆ ಒಂದು ತಟ್ಟೆ ಜಾಮೂನು ಕಳಿಸಿದರು. ಸೊಸೆಗೆ ಮುಟ್ಟು ನಿಂತಿದೆ, ಮೆಡಿಕಲ್ ಶಾಪಿನಿಂದ ತಂದ ಪಟ್ಟಿಯಲ್ಲಿ ಎರಡು ಗೆರೆ ಬಂದಿವೆ. ಅಲ್ಲಾಹ್ ಕಳೆದದ್ದನ್ನು ಮರಳಿ ಕೊಟ್ಟ ಎಂದು ಓಣಿಗೆಲ್ಲ ಸಿಹಿ. ಆ ಪಟ್ಟಿ ಗುರುತಿಸುವುದು ಎಚ್‌ಸಿಜಿಯನ್ನು ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ನಾವೂ ಎರಡು ಜಾಮೂನು ತಿಂದೆವು. ಹತ್ತು ದಿನಕ್ಕೆ ಅವಳು ಕೆಮ್ಮತೊಡಗಿದಳು, ಕಫದಲ್ಲಿ ರಕ್ತ. ಸ್ಕ್ಯಾನಿಂಗಿನಲ್ಲಿ ಗರ್ಭಕೋಶ ಖಾಲಿ. ಕಾಯಿಲೆ ಪುಪ್ಪುಸದಲ್ಲಿತ್ತು.

ಎರಡನೆಯ ಸಲ ಐದು ಔಷಧಿಗಳ ಚಿಕಿತ್ಸೆ. ತಲೆಗೂದಲೆಲ್ಲ ಹೋಯಿತು. ಒಂದು ಚುಚ್ಚುಮದ್ದಿನಿಂದ ಮುಗಿಯಬಹುದಾಗಿದ್ದದ್ದಕ್ಕೆ ಅರ್ಧ ವರ್ಷ ಆಸ್ಪತ್ರೆಗೂ ಮನೆಗೂ ಅಲೆದಾಟ. ಮಗಳನ್ನು ತವರಿಗೆ ಕಳಿಸಿದರು. ಈ ಸಲ ಅಲ್ಲಿದ್ದ ವೈದ್ಯೆಯೊಬ್ಬರು ಗಂಡನನ್ನೂ ಅತ್ತೆಯನ್ನೂ ಹೊರಗೆ ಕೂರಿಸಿ, ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರಂತೆ. ಅರ್ಧ ಗಂಟೆ. ಹೊರಗೆ ಬಂದವಳು ಅಳಲಿಲ್ಲ, ಎದೆ ಒಡೆದು ಸಾಯಲೂ ಇಲ್ಲ. ಗಂಡನ ಕೈಯಲ್ಲಿದ್ದ ಕಾಗದಗಳ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು ಎಂದು ಖಾಲಾ ನಮಗೆ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ದೂರೂ ಇತ್ತು, ಇನ್ನೇನೋ ಇತ್ತು.

ಉರ್ದುವಿನಲ್ಲಿ ದಯೆಗೂ ಗರ್ಭಕ್ಕೂ ಬರೆಯುವ ಅಕ್ಷರಗಳು ಒಂದೇ: ರೇ, ಹೇ, ಮೀಮ್. ಸ್ವರ ಚಿಹ್ನೆ ಹಾಕದಿದ್ದರೆ ಯಾವುದೆಂದು ಮುಂದಿನ ಮಾತಿನಿಂದಲೇ ತಿಳಿಯಬೇಕು. ಶಾಲೆಯಲ್ಲಿ ಉಸ್ತಾದರು ಇದನ್ನು ಹೇಳಿಕೊಟ್ಟಾಗ ಎಷ್ಟು ಚೆಂದ ಅನ್ನಿಸಿತ್ತು. ಖಾಲಾ ಮತ್ತು ನಾವು ಸೇರಿ ಮಾಡಿದ್ದನ್ನು ಯಾವ ರೀತಿ ಓದಬೇಕೆಂದು ಈಗಲೂ ಕೆಲವೊಮ್ಮೆ ಯೋಚಿಸುತ್ತೇವೆ. ದಯೆಯೇ ಆಗಿತ್ತೆಂದು ಒಪ್ಪಿದರೂ, ಯಾರ ಮೇಲಿನ ದಯೆ? ಅವಳು ಕೇಳಿದ ಪ್ರಶ್ನೆಗೆ ಅವಳ ಮುಖ ನೋಡಿಕೊಂಡು ಉತ್ತರ ಕೊಡುವುದು ನಮಗೆ ಕಷ್ಟವಿತ್ತು. ಆ ಕಷ್ಟದಿಂದ ತಪ್ಪಿಸಿಕೊಂಡವರು ನಾವು. ಹಾಗೆಂದು ವೈದ್ಯರು ಖಾಲಾರ ಅಕ್ಕನಿಗೆ ಹೇಳಿದ ಹಾಗೆ, ನಿಂತ ನಿಲುವಿನಲ್ಲಿ ಮುಖದ ಮೇಲೆ ಎಸೆದು ಹೋಗುವುದೂ ಹೇಳುವುದಲ್ಲ. ಕಾಯಿಲೆಯ ಹೆಸರಿನ ಜೊತೆಗೇ 'ಇದು ಗುಣವಾಗುತ್ತದೆ, ಆದರೆ ಅರ್ಧಕ್ಕೆ ಬಿಟ್ಟರೆ ಇಲ್ಲ' ಎಂಬ ಮಾತೂ ಹೋಗಬೇಕು. ಮೊದಲನೆಯದನ್ನು ಮುಚ್ಚಿಟ್ಟರೆ ಎರಡನೆಯದನ್ನು ಹೇಳಲು ಜಾಗವೇ ಇರುವುದಿಲ್ಲ. ಕಾಯಿಲೆ ಅದಾಗಲೇ ಕಣ್ಣಿಗೆ ಕಾಣದಾಗಿತ್ತು, ಕಾರಣವನ್ನೂ ನಾವು ಕಾಣದಂತೆ ಮಾಡಿದೆವು. ಯಾವುದನ್ನು ನೋಡಿಕೊಂಡು ಅವಳು ಬಸ್ಸು ಹತ್ತಬೇಕಿತ್ತು?

ಅವಳು ಬದುಕಿದ್ದಾಳೆ. ಕೂದಲು ಮೊದಲಿಗಿಂತ ಗುಂಗುರಾಗಿ ಬಂದಿದೆ. ಮಾತಾಡಿಸುತ್ತಾಳೆ, ಹಬ್ಬಕ್ಕೆ ಶೀರ್‌ಖುರ್ಮಾ ಕಳಿಸುತ್ತಾಳೆ. ಆ ದಿನದ ಬಗ್ಗೆ ಒಮ್ಮೆಯೂ ಕೇಳಿಲ್ಲ. ಕೇಳಿದ್ದರೆ ನಮಗೆ ಹಗುರವಾಗುತ್ತಿತ್ತು. ಚಿಕಿತ್ಸೆ ಮುಗಿದ ವರ್ಷ ಒಂದು ಸಂಜೆ ಪರೀಕ್ಷೆ ಮಾಡಿಸಿಕೊಂಡು ಬಸ್ಸಿಳಿದವಳು ನಮ್ಮ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ರಿಪೋರ್ಟು. ನಾವು ಕನ್ನಡಕ ಹುಡುಕುತ್ತಿದ್ದೆವು.

'ಬೇಡ ಆಪಾ, ನೋಡಿದೆ' ಎಂದಳು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಆ ಇಂಗ್ಲಿಷ್ ಅಕ್ಷರಗಳ ನಡುವೆ ಸರಿಯಾದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. 'ಎರಡಕ್ಕಿಂತ ಕಡಿಮೆ ಇದೆ. ಮುಂದಿನ ತಿಂಗಳು ಹನ್ನೆರಡಕ್ಕೆ ಮತ್ತೆ.'

ನೀರು ಕೇಳಿ ಕುಡಿದು, ಮಗಳು ಟ್ಯೂಷನ್ನಿನಿಂದ ಬರುವ ಹೊತ್ತಾಯಿತೆಂದು ಹೊರಟಳು.